ತಗಡು ಒಂದು, ತಗಡು ಎರಡು

ರಾಯಚೂರಿನ ತೀನ್ ಕಂದೀಲ್ ಬಳಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಂಬಿಕಾ ಸಿಟ್ಟನ್ನು ಬಾಯಲ್ಲಿ ಆಡುವವಳಲ್ಲ. ಗಿರಾಕಿಗೆ ಚಹಾ ತರಿಸುತ್ತಾಳೆ, ಬೈದರೂ ‘ಹೂಂರಿ’ ಎನ್ನುತ್ತಾಳೆ. ಆದರೆ ಒಬ್ಬ ಮನುಷ್ಯನ ಮೇಲೆ ಎಂಟು ವರ್ಷದಿಂದ ಹಲ್ಲು ಕಡಿಯುತ್ತಿದ್ದಳು. ಆ ಮನುಷ್ಯ, ಮಾನ್ವಿಯಲ್ಲಿ ಹಾಡಿನ ಸ್ಟುಡಿಯೋ ನಡೆಸುವ ಕೊಟ್ರೇಶ, ಒಂದು ಬೆಳಿಗ್ಗೆ ತಾನಾಗಿಯೇ ತನ್ನ ಕಂಪ್ಯೂಟರನ್ನು ಅವುಚಿಕೊಂಡು ಅವಳ ಅಂಗಡಿಯ ಮೆಟ್ಟಿಲು ಹತ್ತಿದ. ಅಂಬಿಕಾ ಕುರ್ಚಿ ಒರೆಸಿ ಕೊಟ್ಟಳು. ಅವನಿಗೆ ಅವಳ ಗುರುತಿರಲಿಲ್ಲ.

“ಒಂದು ಹಾಡು ತೆರಿಯಾಕ ಅರ್ಧ ತಾಸು ತಗೊಳ್ಳಾಕತ್ತದ ತಂಗಿ. ಹಳೇ ಡಿಸ್ಕ್ ಗರಗರ ಅಂತದ. ಹೊಸಾ ಎಸ್‌ಎಸ್‌ಡಿ ಹಾಕು. ಇದ್ದದ್ದೆಲ್ಲಾ ಇದ್ದಂಗ ಅದರಾಗ ಬರಬೇಕು, ಒಂದೂ ಬಿಡಬ್ಯಾಡ.”

“ಒಂದೂ ಬಿಡಂಗಿಲ್ರಿ ಅಣ್ಣಾರ,” ಎಂದಳು ಅಂಬಿಕಾ. ಮನಸಾರೆ ಹೇಳಿದ ಮಾತದು.

ಅವಳ ತಾಯಿ ಪಕೀರಮ್ಮ ದೇವದುರ್ಗದಾಕೆ. ಹತ್ತಿ ಬಿಡಿಸುತ್ತ ಆಕೆ ಪದ ಎತ್ತಿದರೆ ಆಚೆ ಹೊಲದ ಹೆಂಗಸರೂ ಕೈ ನಿಲ್ಲಿಸುತ್ತಿದ್ದರು. ದೇವಸುಗೂರಿನ ಸೂಗೂರೇಶ್ವರನ ಮೇಲೆ ಆಕೆಯೇ ಕಟ್ಟಿದ ಒಂದು ಪದವನ್ನು ಕೊಟ್ರೇಶ ಮಾನ್ವಿಗೆ ಕರೆಸಿ ಹಾಡಿಸಿದ. ವಾರದ ಮೇಲೆ ಫೋನು ಮಾಡಿ, “ನಿನ್ನ ದನಿ ತಗಡು ಬಡದಂಗ ಬಂದದ ಯವ್ವಾ, ಹಾಕಾಕ ಬರಂಗಿಲ್ಲ,” ಎಂದ. ಎರಡೇ ತಿಂಗಳಿಗೆ ಅದೇ ಪದ ಕವಿತಾಳದ ಬಸ್ಸಿನಲ್ಲಿ, ದೇವದುರ್ಗದ ಹೋಟೆಲಿನಲ್ಲಿ, ಊರೂರಿನ ಗುಡಿಯ ಮೈಕಿನಲ್ಲಿ ಮೊಳಗಿತು. ಹಾಡಿದವರು ಸ್ವಪ್ನಾ ಎಂದು ಹೆಸರು. ಸ್ವಪ್ನಾ ಎಂದರೆ ಆ ಆಲ್ಬಮ್ ಮಾಡಿಸಿದ ಅಕ್ಕಿ ಗಿರಣಿಯ ಮಲ್ಲಯ್ಯ ಸಾವ್ಕಾರರ ಮಗಳು.

“ಆ ಹುಡುಗಿ ನನಗಿಂತ ಚಲೋ ಹಾಡ್ಯಾಳ ಬಿಡವ್ವಾ,” ಎಂದಳು ಪಕೀರಮ್ಮ. ಅಷ್ಟೇ. ಅಂದಿನಿಂದ ಆಕೆ ಒಂದೂ ಪದ ಎತ್ತಲಿಲ್ಲ. ಮದುವೆ ಮನೆಯಲ್ಲಿ ಕೈಹಿಡಿದು ಕೂರಿಸಿದರೂ ‘ತಗಡು ಯಾರು ಕೇಳ್ತಾರ’ ಎಂದು ಎದ್ದು ಬರುತ್ತಿದ್ದಳು. ಅಂಬಿಕಾಳಿಗೆ ಮಾತ್ರ ಅನುಮಾನ. ದನಿ ಎಳೆಯ ಹುಡುಗಿಯದೇ, ಆದರೆ ‘ಸೂಗಪ್ಪಾ’ ಎನ್ನುವ ಮೊದಲು ಒಳಗೆಳೆದುಕೊಳ್ಳುವ ಆ ಉಸಿರು ತನ್ನ ತಾಯಿಯದು. ಉಸಿರನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಿ ನ್ಯಾಯ ಕೇಳುವುದು?

ನಕಲು ಮಾಡುವ ಮೊದಲು ಹಳೆಯ ಡಿಸ್ಕಿನಲ್ಲಿ ಒಂದು ಹಾಡು ತೆರೆದು ನೋಡುವುದು ಅವಳ ರೂಢಿ. ಸೂಗೂರೇಶ್ವರನ ಪದವಲ್ಲದೆ ಬೇರೆ ಯಾವುದನ್ನು ತೆರೆದಾಳು! ಅವ್ವನ ದನಿ ಮೂರು ತುಣುಕುಗಳಲ್ಲಿ ಅಲ್ಲಿತ್ತು. ಅದರ ಮೇಲೆ ಕೊಟ್ರೇಶ ದನಿ ಏರಿಸಿ ಎಳೆಯದಾಗಿಸುವ ಕರಾಮತ್ತು ಹಚ್ಚಿದ್ದ. ತುಣುಕುಗಳಿಗೆ ಅವನು ಇಟ್ಟ ಹೆಸರು: ತಗಡು ಒಂದು, ತಗಡು ಎರಡು, ತಗಡು ಮೂರು. ಅಂಬಿಕಾ ಏರಿಸಿದ್ದನ್ನು ತೆಗೆದು ಕೊನೆಯವರೆಗೂ ಕೇಳಿದಳು.

ಎಲ್ಲವನ್ನೂ ಅಳಿಸಿಬಿಡಲು ಬೆರಳು ಹೋಗಿತ್ತು ಕೂಡ. ಆದರೆ ಅಳಿಸಿದರೆ ಅವ್ವನ ದನಿಯೂ ಹೋಗುತ್ತದೆ, ಕಳ್ಳತನದ ಗುರುತೂ ಹೋಗುತ್ತದೆ. ಕೈ ಹಿಂದಕ್ಕೆ ತೆಗೆದು ಅಚ್ಚುಕಟ್ಟಾಗಿ ನಕಲು ಮಾಡಿದಳು. ಹಳೆಯ ಡಿಸ್ಕಿನಲ್ಲಿ ದನಿಗಳಿದ್ದದ್ದು ‘ಇ’ ಎಂಬ ಭಾಗದಲ್ಲಿ, ಹೊಸದರಲ್ಲಿ ಅದು ‘ಎಫ್’ ಆಯಿತು. ಮನೆ ಬದಲಿಸಿದವರನ್ನು ಹಳೆಯ ಓಣಿಯಲ್ಲಿ ಹುಡುಕುವ ಅಂಚೆಯವನಂತೆ ಹಾಡಿನ ಸಾಫ್ಟ್‌ವೇರ್ ಇನ್ನು ‘ಇ’ಯಲ್ಲೇ ಹುಡುಕಿ, ಸಿಗದ ಫೈಲುಗಳ ಹೆಸರನ್ನು ತೆರೆಯ ಮೇಲೆ ಸಾಲಾಗಿ ತೋರಿಸುತ್ತದೆ. ಆ ಅಕ್ಷರ ತಿದ್ದುವುದು ಎರಡು ನಿಮಿಷದ ಕೆಲಸ. ಅಂಬಿಕಾ ಬೇಕೆಂದೇ ತಿದ್ದಲಿಲ್ಲ.

“ನಾನೇ ಮಾನ್ವಿಗೆ ಬಂದು ಜೋಡಿಸಿ ಕೊಡ್ತೀನ್ರಿ ಅಣ್ಣಾರ,” ಎಂದು ಫೋನು ಮಾಡಿದಳು. “ಸಾವ್ಕಾರ್ರನ್ನೂ ಕರೀರಿ, ಎಷ್ಟು ಜಲ್ದಿ ತೆರಿತದ ನೋಡ್ಲಿ.” ಕೊಟ್ರೇಶ ಉಬ್ಬಿಹೋದ. ಮುಂದಿನ ಆಲ್ಬಮ್ಮಿಗೆ ಅವನಿಗೆ ಸಾವ್ಕಾರರ ಹೂಂ ಬೇಕಿತ್ತು.

ಸೋಮವಾರ ಹನ್ನೊಂದಕ್ಕೆ ಮಲ್ಲಯ್ಯ ಹಣೆತುಂಬ ವಿಭೂತಿ ಹಚ್ಚಿಕೊಂಡು ಸ್ಟುಡಿಯೋದ ದೊಡ್ಡ ತೆರೆಯ ಮುಂದೆ ಕೂತರು. ಕೊಟ್ರೇಶ ಅವರ ಮಗಳ ಹಾಡನ್ನೇ ಒತ್ತಿದ. ರೆಪ್ಪೆ ಬಡಿಯುವಷ್ಟರಲ್ಲಿ ಹಾಡು ತೆರೆಯಿತು. ಜೊತೆಗೇ ಪಟ್ಟಿಯೂ ಬಂತು.

“ಏನಾಯ್ತಿದು?” ಎಂದ ಕೊಟ್ರೇಶ.

“ಜಾಗ ಬದಲಾಗ್ಯದಲ್ರಿ, ಫೈಲ್ ಎಲ್ಲದಾವಂತ ಕೇಳಾಕತ್ತದ. ನೀವು ಹೆಸರು ಓದ್ರಿ, ನಾ ಹುಡುಕಿ ಕೊಡ್ತೀನಿ.”

“ನೀನೇ ಓದು.”

“ಹೆಸರು ಇಟ್ಟವರು ನೀವು. ನೀವೇ ಓದ್ರಿ.”

ಮಲ್ಲಯ್ಯನವರೇ ಕನ್ನಡಕ ಏರಿಸಿ ಓದಿದರು: “ತಗಡು ಒಂದು. ತಗಡು ಎರಡು. ತಗಡು ಮೂರು. ಸಾವ್ಕಾರನ ಬೆಕ್ಕು, ಬ್ಯಾಡ.” ಕನ್ನಡಕ ಕೆಳಗಿಳಿಯಿತು. “ಯಾವ ಸಾವ್ಕಾರನ ಬೆಕ್ಕಲೇ ಕೊಟ್ರೇಶ?”

ಅಂಬಿಕಾ ಆ ಬೆಕ್ಕನ್ನೇ ಮೊದಲು ಹುಡುಕಿ ಕೊಟ್ಟಳು. ಸ್ವಪ್ನಾಳ ದನಿ ಎರಡು ಸಾಲು ಎಳೆದಾಡಿ ನಿಂತಿತು. ಮಗಳ ದನಿ ತಂದೆಗೆ ತಿಳಿಯದೇ?

“ಕಂಪ್ಯೂಟರ್ ನನ್ನ ಮಗಳ ದನಿ ತಿದ್ದತದ ಅಂದಿದ್ದಿ. ಮತ್ತ ಹಾಡಿದಾಕಿ ಯಾರಲೇ?”

ಅಂಬಿಕಾ ತಗಡು ಒಂದನ್ನು ಕೊಟ್ಟು, ಏರಿಸಿದ್ದನ್ನು ತೆಗೆದು, ಧ್ವನಿವರ್ಧಕವನ್ನು ಪೂರಾ ಬಿಟ್ಟಳು. ಪಕೀರಮ್ಮನ ತುಂಬು ದನಿ ಕೋಣೆಯಲ್ಲಿ ನಿಂತಿತು. ಪದ ಮುಗಿದ ಮೇಲೂ ಧ್ವನಿಮುದ್ರಣ ಮುಗಿದಿರಲಿಲ್ಲ. “ಹೆಂಗ ಬಂತ್ರಿ ಯಪ್ಪಾ?” ಎಂದು ಪಕೀರಮ್ಮ ಅಂಜುತ್ತ ಕೇಳಿದ್ದು ಕೇಳಿಸಿತು. ಬಾಗಿಲು ತೆರೆದು ಯಾರೋ ಒಳಬಂದ ಸದ್ದು. ಆಮೇಲೆ ಕೊಟ್ರೇಶನದೇ ಗಂಟಲು: “ಹುಟ್ಟಿ ಇಂಥಾ ದನಿ ಕೇಳಿಲ್ಲ ಯವ್ವಾ ನಾನು!”

ಮಲ್ಲಯ್ಯ ಎದ್ದರು. “ನನ್ನ ಮಗಳ ಹೆಸರು ತಗಿ, ಆಕಿ ಹೆಸರು ಹಾಕು. ನಮ್ಮ ಗಿರಣಿ ಕಡಿ ಇನ್ನ ಮುಖ ಹಾಕಬ್ಯಾಡ.” ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕೊಟ್ರೇಶನ ಮುಖ ಸುಣ್ಣವಾಗಿದ್ದನ್ನು ಅಂಬಿಕಾ ಕಣ್ಣುತುಂಬ ನೋಡಿದಳು. ಎಂಟು ವರ್ಷದಲ್ಲಿ ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

“ಯಾರ ಮಗಳು ನೀನು?”

“ತಗಡಿನ ಮಗಳು.”

“ತಪ್ಪಾತು ತಂಗಿ. ಇವತ್ತೇ ಹೆಸರು ಬದಲಿಸ್ತೀನಿ.”

“ನನಗ್ಯಾಕ ಹೇಳ್ತೀರಿ?” ಎನ್ನುತ್ತ ಅಂಬಿಕಾ ದೇವದುರ್ಗದಲ್ಲಿದ್ದ ಅವ್ವನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವನ ಮುಂದಿಟ್ಟಳು. ಕೊಟ್ರೇಶ ತೊದಲುತ್ತ ಎಲ್ಲ ಹೇಳಿದ. ಆ ಹಾಡು ಸ್ವಪ್ನಾ ಹಾಡಿದ್ದಲ್ಲ, ಊರೂರಲ್ಲಿ ಮೊಳಗಿದ್ದು ನಿನ್ನದೇ ದನಿ ಯವ್ವಾ ಎಂದ. ಆ ಕಡೆಯಿಂದ ಪಕೀರಮ್ಮ ಕೇಳಿದಳು:

“ಹಂಗಾದ್ರ ಎಂಟು ವರ್ಷ ನನ್ನ ಬಾಯಿ ಯಾಕ ಮುಚ್ಚಿಸಿದಿಯೋ ಯಪ್ಪಾ?”

ಕೊಟ್ರೇಶ ಫೋನು ಕಟ್ ಮಾಡಲು ಕೈ ಚಾಚಿದ. ಅಂಬಿಕಾ ಅವನ ಕೈ ತಳ್ಳಿದಳು.

“ಅವ್ವ ಕೇಳಾಕತ್ತಾಳ. ಜವಾಬ ಹೇಳ್ರಿ.”