ಬೇಳೆ ಬೇಯುವ ಊರು

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಹಿತ್ತಾಳೆಯ ಡಬ್ಬಿ ಇದೆ. ಅದರಲ್ಲಿ ಬಹಳ ಕಾಲ ತೊಗರಿಬೇಳೆ ಇತ್ತು. ಸಿರಸಂಗಿಯ ನನ್ನ ಅವ್ವ ತಾನೇ ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ, ಹಸನು ಮಾಡಿ ಕಳಿಸಿದ ಕೊನೆಯ ಬೇಳೆ. ಅವಳು ತೀರಿಕೊಂಡ ಮೇಲೆ ಅದನ್ನು ಬೇಯಿಸಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ. ಓದುಗ ಮಿತ್ರರೇ, ಒಂದು ಊರು ನಮ್ಮ ಸ್ವಭಾವಕ್ಕೆ ಹೊಂದುತ್ತದೋ ಇಲ್ಲವೋ ತಿಳಿಯುವುದು ಹೇಗೆ ಎಂದು ನೀವು ಕೇಳಿದರೆ ನಾನು ಆ ಡಬ್ಬಿಯತ್ತ ಕೈ ತೋರಿಸಬೇಕು.

ನಮ್ಮದು ಪಂಚಾಂಗ ನೋಡುವವರ ಮನೆತನ. ಜಾತಕ ಕೂಡಿಸುವುದು ಅಪ್ಪನ ಕೆಲಸವಾದರೆ, ಊರು ಕೂಡಿಸುವುದು ಅವ್ವನ ಕೆಲಸ. ವರನ ಊರಿನಿಂದ ಒಂದು ತಂಬಿಗೆ ನೀರು ತರಿಸಿ, ಅದರಲ್ಲಿ ಹಿಡಿ ಬೇಳೆ ಬೇಯಿಸಿ ನೋಡುವಳು. ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ. “ಮೂವತ್ತಾರು ಗುಣಾ ಕೂಡಿದ್ರೂ ಅಷ್ಟ, ಬ್ಯಾಳಿ ಬೇಯದ ಊರಿಗೆ ಹೆಣ್ಣು ಕೊಡಬಾರದು” ಎಂಬುದು ಅವಳ ಶಾಸ್ತ್ರ. ಬೈಲಹೊಂಗಲದ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತಂತೆ. ನನ್ನನ್ನು ಅಲ್ಲಿಗೆ ಕೊಟ್ಟರು. ಮೂವತ್ತು ವರ್ಷ, ಸಂಸಾರದಲ್ಲೂ ಶಾಲೆಯ ನೌಕರಿಯಲ್ಲೂ, ಅಲ್ಲಿ ನನ್ನ ಬೇಳೆ ಚೆನ್ನಾಗಿಯೇ ಬೆಂದಿತು, ಗಂಡನ ಮುಂದೆ ಮಾತ್ರ ಆಗೊಮ್ಮೆ ಈಗೊಮ್ಮೆ ಬೇಯದೆ ಉಳಿದಿದ್ದನ್ನು ಬಿಟ್ಟರೆ.

ಸೇವೆ ಇನ್ನೂ ನಾಲ್ಕು ವರ್ಷ ಇರುವಾಗ ವರ್ಗಾವಣೆ ಬಂತು. ಕಿತ್ತೂರು, ಸವದತ್ತಿ, ರಾಮದುರ್ಗ, ಈ ಮೂರರಲ್ಲಿ ಒಂದನ್ನು ತಿಂಗಳೊಳಗೆ ಬರೆದುಕೊಡಬೇಕು. ಹುಟ್ಟಿದ ಊರನ್ನು ನಾನು ಆರಿಸಿರಲಿಲ್ಲ, ಕೊಟ್ಟ ಊರನ್ನೂ ಆರಿಸಿರಲಿಲ್ಲ; ಐವತ್ತಾರರ ವಯಸ್ಸಿಗೆ ಮೊದಲ ಸಲ ಆಯ್ಕೆ ನನ್ನದಾಗಿತ್ತು. ತಪ್ಪಿದರೆ ಬೈಯಲು ಬೇರೆ ಯಾರೂ ಇಲ್ಲವಲ್ಲ ಎಂದು ಹೆದರಿಕೆಯೂ ಆಯಿತು.

ಸಹೋದ್ಯೋಗಿಯೊಬ್ಬಳು ಮೊಬೈಲಿನಲ್ಲಿ ಒಂದು ಪ್ರಶ್ನಾವಳಿ ಕಳಿಸಿದಳು: ಹತ್ತು ಪ್ರಶ್ನೆಗೆ ಉತ್ತರಿಸಿದರೆ ನಿಮ್ಮ ಗುಣಕ್ಕೊಪ್ಪುವ ಊರು ಯಾವುದೆಂದು ಹೇಳುತ್ತದಂತೆ. ಅದು ನನಗೆ ಹಿಮ ಬೀಳುವ ಯಾವುದೋ ಪರದೇಶದ ಊರನ್ನು ಗೊತ್ತುಮಾಡಿತು. ಅಲ್ಲಿಗೆ ವರ್ಗ ಮಾಡಲು ನಮ್ಮ ಇಲಾಖೆಗೆ ಅಧಿಕಾರವಿಲ್ಲ. ನಾನೇ ತೂಗಿ ನೋಡಿದೆ. ಕಿತ್ತೂರು ಕೋಟೆಯ ಊರು, ಅಲ್ಲಿಯವರು ಬಗ್ಗುವವರಲ್ಲ. ನಾನೋ ಕಾಯಿಪಲ್ಲೆಯವಳು ಗದರಿದರೆ ಸುಮ್ಮನೆ ಚೀಲ ಒಡ್ಡುವವಳು. ಸವದತ್ತಿಗೆ ಹೋದರೆ ದೇವಿಯ ಗುಡ್ಡಕ್ಕೆ ಜಾತ್ರೆಗೆ ಬರುವ ಬೀಗರೆಲ್ಲ ನಮ್ಮಲ್ಲೇ ಇಳಿದಾರು. ರಾಮದುರ್ಗ ಹೊಳೆದಂಡೆಯ ಊರು, ಅವಸರ ಕಡಿಮೆ ಎನ್ನುತ್ತಾರೆ. ನಾನು ಗಂಟೆ ಬಾರಿಸುವ ಮೊದಲೇ ತರಗತಿಯಲ್ಲಿ ನಿಲ್ಲುವವಳು.

ಕೊನೆಗೆ ಅವ್ವನ ಶಾಸ್ತ್ರವೇ ಗತಿಯೆಂದು ಅವಳ ಡಬ್ಬಿಯನ್ನೇ ಇಳಿಸಿದೆ. ಕಿತ್ತೂರಿನ ನೀರು ಬಾಟಲಿಯಲ್ಲಿ ತರಿಸಿ ಬೇಯಿಸಿದೆ, ಬೇಳೆ ಬೇಯಲಿಲ್ಲ. ಸವದತ್ತಿಯ ನೀರಿನಲ್ಲೂ ಬೇಯಲಿಲ್ಲ. ಕುಕ್ಕರಿನಲ್ಲಿ ಇಡು ಎಂದರು ಯಜಮಾನರು. ಕುಕ್ಕರಿಗೆ ಎಲ್ಲ ಊರೂ ಒಂದೇ, ಅದರ ಸಾಕ್ಷಿ ನಡೆಯುವುದಿಲ್ಲ ಎಂದೆ. ಅವರು ನಕ್ಕು, “ಕೂತವರೆಲ್ಲಾ ಫೇಲ್ ಆಗಲಿಕ್ಕೆ ಹತ್ಯಾರಂದ್ರ ತಪ್ಪು ಹುಡುಗರದಲ್ಲ, ಪ್ರಶ್ನೆಪತ್ರಿಕೆದ್ದು” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬರೆದುಕೊಡುವ ಹಿಂದಿನ ದಿನ, ಭಾನುವಾರ, ರಾಮದುರ್ಗದಲ್ಲಿ ಬಾಡಿಗೆಮನೆ ನೋಡಲು ಹೋದೆವು. ಮನೆಯೊಡತಿ ಶಾಂತವ್ವನ ಒಲೆಯ ಮೇಲೆ ನನ್ನ ಹಿಡಿ ಬೇಳೆ ಇಟ್ಟೆ. ಕುದಿಯಿತು, ಉಕ್ಕಿತು, ಬೇಯಲಿಲ್ಲ. ಮೂರನೆಯ ಊರೂ ಹೋಯಿತೆಂದು ಕಣ್ಣಲ್ಲಿ ನೀರೇ ಬಂತು. ಶಾಂತವ್ವ ಒಂದು ಬೇಳೆ ಹಲ್ಲಿಗಿಟ್ಟು ಕಡಿದಳು.

“ಅಕ್ಕೋರ, ನಮ್ಮ ನೀರಿಂದೇನೂ ತಪ್ಪಿಲ್ಲರಿ. ನಿಮ್ಮ ಬ್ಯಾಳಿ ಹಳೇದಾಗೈತಿ. ಹಳೇ ಬ್ಯಾಳಿನ ಒಮ್ಮೆಲೆ ಒಲಿ ಮ್ಯಾಲ ಇಟ್ರ ಹ್ಯಾಂಗ ಬೇಯ್ತೈತ್ರಿ? ಎರಡು ತಾಸು ನೆನಿ ಇಡ್ರಿ. ಅಲ್ಲೀತನಕ ಕೂಡ್ರಿ, ಮಾತಾಡೋಣ.”

ಇಡೀ ಜನ್ಮ ಕನ್ನಡ ಕಲಿಸಿದ ನನಗೆ ಆ ‘ನೆನೆ’ ಎಂಬ ಮಾತು ಅಂದು ಹೊಸದಾಗಿ ಕೇಳಿಸಿತು. ನೀರಿನಲ್ಲಿ ನೆನೆಯುವುದೂ ಮನಸ್ಸಿನಲ್ಲಿ ನೆನೆಯುವುದೂ ನಮ್ಮ ಭಾಷೆಗೆ ಒಂದೇ. ಅವ್ವನನ್ನು ನಾನು ಡಬ್ಬಿಯಲ್ಲಿ ಒಣಗಿಸಿ ಇಟ್ಟಿದ್ದೆನೇ ಹೊರತು ನೆನೆದಿರಲಿಲ್ಲ. ನೆನೆದರೆ ಅಳು ಬರುತ್ತದೆಂಬ ಭಯ. ಶಾಂತವ್ವನ ಕಟ್ಟೆಯ ಮೇಲೆ ಕುಳಿತು ಎರಡು ತಾಸು ಅಳುತ್ತ, ನಗುತ್ತ ಅವ್ವನ ಮಾತನ್ನೇ ಆಡಿದೆ. ನೆನೆದ ಬೇಳೆಯನ್ನು ಮತ್ತೆ ಒಲೆಗಿಟ್ಟರೆ ಬೆಂದಿತು. ರೊಟ್ಟಿಯ ಜೊತೆ ಮೂವರೂ ಉಂಡೆವು. ಪಾಪ, ಕಿತ್ತೂರು ಸವದತ್ತಿಗಳನ್ನು ಸುಮ್ಮನೆ ಫೇಲು ಮಾಡಿದ್ದೆ. ಗಟ್ಟಿಯಾಗಿದ್ದದ್ದು ಯಾವ ಊರಿನ ನೀರೂ ಅಲ್ಲ, ನಾನು. ಮರುದಿನ ರಾಮದುರ್ಗವೆಂದು ಬರೆದುಕೊಟ್ಟೆ.

ಈಗ ಎರಡನೆಯ ವರ್ಷ. ಸುಖವಾಗಿದ್ದೇನೆ, ಗಂಟೆ ಬಾರಿಸಿದ ಮೇಲೆ ತರಗತಿಗೆ ಹೋಗುವುದನ್ನೂ ಕಲಿತಿದ್ದೇನೆ. ಡಬ್ಬಿಯಲ್ಲಿ ಇಲ್ಲಿಯ ಪೇಟೆಯ ಬೇಳೆ ಇದೆ. ಮೊನ್ನೆ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿಯೊಬ್ಬಳು ಮನೆಗೆ ಬಂದು, ಮುಖ ಸಪ್ಪಗೆ ಮಾಡಿಕೊಂಡು, “ಈ ಊರು ನನಗ ಹೊಂದತೈತೇನ್ರಿ, ಅಕ್ಕೋರ?” ಎಂದು ಕೇಳಿದಳು. ನಾನು ಡಬ್ಬಿ ಇಳಿಸಿ, ಒಂದು ಹಿಡಿ ಬೇಳೆ ನೀರಿಗೆ ಹಾಕಿ, “ಕೂಡ್ರಿ” ಎಂದೆ, “ಎರಡು ತಾಸು ಬಿಟ್ಟು ಹೇಳತೇನಿ.”