ಸುಣ್ಣದ ಗೆರೆಯಾಚೆ ತೇಲುವ ಜೋಕಾಲಿ

ದಿಗ್ಗೇವಾಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಳೆಯ ಕಡೆಯಿಂದ ಬರುವ ಗಾಳಿಗೆ ಮೈ ಜುಮ್ಮೆನ್ನುತ್ತದೆ. ಐವತ್ತಮೂರರ ಸಾವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುಣ್ಣದ ಪುಡಿಯ ಡಬ್ಬಿ ಹಿಡಿದು, ಅಂಗಳದ ನಡುವೆ ಬಗ್ಗಿ ಬಗ್ಗಿ ಗೆರೆ ಎಳೆಯುತ್ತಿದ್ದಾರೆ. ರಂಗೋಲಿ ಅಂದುಕೊಂಡರೆ ತಪ್ಪು. ರಂಗೋಲಿ ಆಗಲೇ ಹೊಸ್ತಿಲ ಮುಂದೆ ಬಿದ್ದಿದೆ. ಇದು ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನ ಸುತ್ತ, ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ದಿನಾ ಬೆಳಗ್ಗೆ ಹೊಸದಾಗಿ ಬೀಳುವ ಗೆರೆ.

ಗೆರೆಯ ಈಚೆ, ಬೇವಿನ ಗಿಡದ ಕೆಳಗೆ, ಅವರ ಗಂಡ ಅಣ್ಣಾಸಾಬ ಕಪ್ಪಿನ ಚಹಾವನ್ನು ಬಸಿಗೆ ಸುರಿದು ಆರಿಸುತ್ತ ಕೂತಿದ್ದಾರೆ.

"ಡಾಕ್ಟರ್ ಆರು ಫೂಟ ಅಂದಾರ. ನೀ ಅದನ್ನ ಇಪ್ಪತ್ತ ಹೆಜ್ಜಿ ಮಾಡಿದಿ. ನಾಳೆ ಈ ಗೆರಿ ಒಯ್ದು ರಾಯಬಾಗಕ್ಕ ಮುಟ್ಟಸ್ತಿ ನೋಡು."

"ಮುಟ್ಟಸ್ತೇನ್ರಿ. ನೀವು ಸುಮ್ನ ಚಾ ಕುಡೀರಿ," ಎನ್ನುವ ಸಾವಕ್ಕ ತಲೆ ಎತ್ತುವುದಿಲ್ಲ.

ರಾಮಾಯಣದಲ್ಲಿ ಗೆರೆ ಎಳೆದವನು ಮೈದುನ, ಒಳಗೆ ಉಳಿಯಬೇಕಾದವಳು ಸೀತೆ. ಇಲ್ಲಿ ಎಲ್ಲ ತಿರುಗಾಮುರುಗಾ. ಎಳೆಯುವವರು ಹೆಂಡತಿ, ಹೊರಗೆ ಉಳಿಯಬೇಕಾದವರು ಗಂಡ. ಅಣ್ಣಾಸಾಬರ ಎದೆಯಲ್ಲಿ ನಾಲ್ಕು ವರ್ಷದಿಂದ ಪೇಸ್‌ಮೇಕರ್ ಇದೆ. ಶೆಡ್ಡಿನೊಳಗೆ ಸಾವಿರಕ್ಕೂ ಹೆಚ್ಚು ಅಯಸ್ಕಾಂತಗಳಿವೆ. ಎರಡಕ್ಕೂ ಆಗಿಬರುವುದಿಲ್ಲ. ಆದರೆ ಈ ಮನೆಯ ಒಲೆ ಉರಿಯುವುದು ಎರಡರಿಂದಲೂ.

ಶೆಡ್ಡಿನ ಬಾಗಿಲು ತೆಗೆದರೆ, ಮೊದಲ ಸಲ ನೋಡುವವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸಾಗವಾನಿಯ ದೊಡ್ಡ ಜೋಕಾಲಿಯೊಂದು ಗಾಳಿಯಲ್ಲಿ ನಿಂತಿದೆ. ಮೇಲೆ ಸರಪಳಿಯಿಲ್ಲ, ಕೆಳಗೆ ಕಾಲಿಲ್ಲ. ಬೆನ್ನಿಗೆ ಕೆತ್ತಿದ ಎರಡು ನವಿಲು, ಕೂರುವ ಜಾಗಕ್ಕೆ ಮಖಮಲ್ಲು, ಕೆಳಗಿನ ಪೀಠದ ಅಂಚಿಗೆ ನೀಲಿ ದೀಪದ ಪಟ್ಟಿ. ಪೀಠಕ್ಕೂ ಜೋಕಾಲಿಗೂ ನಡುವೆ ನಾಲ್ಕು ಬೆರಳು ಖಾಲಿ ಜಾಗ. ಸಾವಕ್ಕ ಆ ಖಾಲಿ ಜಾಗದಲ್ಲಿ ಒಂದು ವೃತ್ತಪತ್ರಿಕೆ ತೂರಿಸಿ ಆಚೆ ಕಡೆಯಿಂದ ತೆಗೆದು ತೋರಿಸುತ್ತಾರೆ. ನಂಬದವರಿಗೆ ಎರಡನೇ ಸಲವೂ ತೋರಿಸುತ್ತಾರೆ.

ಇದರ ಗುಟ್ಟೇನು ಎಂದರೆ ಅವರು ಸವತಿಯರ ಕತೆ ಹೇಳುತ್ತಾರೆ. ಅಂಟಿಕೊಳ್ಳುವ ಮುಖಗಳಿಗೆ ಈ ಶೆಡ್ಡಿನಲ್ಲಿ 'ಬೀಗರು' ಎಂದು ಹೆಸರು. ಒಂದನ್ನೊಂದು ತಳ್ಳುವ ಮುಖಗಳು 'ಸವತೇರು'.

"ಸವತೇರನ್ನ ಎದರಾಬದರಾ ಕುಂದರಿಸಿದ್ರ ಒಬ್ಬಾಕಿ ಇನ್ನೊಬ್ಬಾಕಿನ್ನ ಹಂತ್ಯಾಕ ಬರಗೊಡೂದಿಲ್ರಿ. ಆ ಸಿಟ್ಟಿನ ಮ್ಯಾಲೆನ ಜೋಕಾಲಿ ನಿಲ್ಲೂದು. ಆದ್ರ ಸವತೇರ ಸಿಟ್ಟ ನೆಟ್ಟಗ ಇರೂದಿಲ್ಲ, ಬಾಜೂಕ ಜಾರತೈತಿ. ಅದಕ್ಕ ನಾಕೂ ಮೂಲಿಗೆ ಹಗ್ಗ ಕಟ್ಟಿ ಕೆಳಗಿನ ಪೀಠಕ್ಕ ಬಿಗೀಬೇಕು," ಎನ್ನುತ್ತಾರೆ.

ಆ ಹಗ್ಗದ ಗಂಟು ಅಣ್ಣಾಸಾಬರ ಮನೆತನದ್ದು. ಅವರ ಅಪ್ಪ, ಅಜ್ಜ ಎಲ್ಲ ಕುರಿ ಕಾದವರು. ಹೊಲದಲ್ಲಿ ಕುರಿ ತಂಗಿಸಲು ದಡ್ಡಿಯ ಬಲೆ ಕಟ್ಟುವಾಗ ಹಾಕುವ ಗಂಟನ್ನೇ ಇಲ್ಲಿ ಹಾಕುತ್ತಾರೆ. ಎಳೆದಷ್ಟೂ ಬಿಗಿಯುತ್ತದೆ, ಬೇಕೆಂದಾಗ ಒಂದೇ ಕೈಯಲ್ಲಿ ಬಿಚ್ಚುತ್ತದೆ.

ಇಷ್ಟೆಲ್ಲ ಶುರುವಾದದ್ದು ಒಂದು ಕಿವಿಯ ತಪ್ಪಿನಿಂದ.

ಸಾವಕ್ಕನ ತವರು ನಿಪ್ಪಾಣಿ. ಹನ್ನೊಂದನೇ ವಯಸ್ಸಿಗೆ ಮೊರ ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಸುತ್ತಲು ಕೂತವರು. ಮದುವೆಯಾಗಿ ಇಲ್ಲಿಗೆ ಬಂದಾಗ ಅಣ್ಣಾಸಾಬ ಕುರಿ ಬಿಟ್ಟು ಬಡಿಗತನ ಹಿಡಿದಿದ್ದರು. ಗಣಪತಿ, ಮದುವೆ, ಮೆರವಣಿಗೆ ಯಾವುದಕ್ಕೇ ಆಗಲಿ ಗೋಡೆ ನಡುಗುವಂತೆ ಬಾರಿಸುವ ದೊಡ್ಡ ಸ್ಪೀಕರುಗಳಿಗೆ ಈ ಸೀಮೆಯಲ್ಲಿ ಡಾಲ್ಬಿ ಎನ್ನುತ್ತಾರೆ. ಅಣ್ಣಾಸಾಬ ಆ ಡಾಲ್ಬಿಯ ಪೆಟ್ಟಿಗೆ ಮಾಡುತ್ತಿದ್ದರು. ಸುಟ್ಟ ಸ್ಪೀಕರುಗಳು ಹಿತ್ತಲಲ್ಲಿ ರಾಶಿ ಬೀಳುತ್ತಿದ್ದವು.

ಎಂಟು ವರ್ಷದ ಹಿಂದೆ ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಬಾಬಾಸಾಹೇಬ ಫೋನು ಮಾಡಿದರು. ಹೊಸ ಬಂಗಲೆಗೆ ಸಾಮಾನು ಬೇಕಿತ್ತು. ಅವರದು ಮರಾಠಿ. "ಝೋಪಾಯಲಾ ಪಾಹಿಜೆ" ಎಂದರು, ಅಂದರೆ ಮಲಗಲು ಬೇಕು. ಕೆಳಗೆ ಕಾಲು ಬೇಡ, ತೇಲಿದಂತೆ ಕಾಣಬೇಕು ಎಂದೂ ಹೇಳಿದರು. ಮೊಬೈಲಿನಲ್ಲಿ ಎಂಥದೋ ಮಂಚ ನೋಡಿದ್ದರಂತೆ. ಕಾಲನ್ನು ಒಳಗೆ ಅಡಗಿಸಿ ತೇಲಿದಂತೆ ತೋರಿಸುವ ಸಾದಾ ಮಂಚ ಅದು. ಈ ಕಡೆ ಅಣ್ಣಾಸಾಬರ ಪಕ್ಕದಲ್ಲಿ ಕಟ್ಟಿಗೆ ಹೆರೆಯುವ ರಂಧಾ ಮಷಿನ್ನು ಭರ್ರೋ ಎನ್ನುತ್ತಿತ್ತು. ಅವರಿಗೆ ಕೇಳಿದ್ದು "ಝೋಪಾಳಾ." ಮರಾಠಿಯಲ್ಲಿ ಹಾಗೆಂದರೆ ಜೋಕಾಲಿ. 'ಕಾಣಬೇಕು' ಅನ್ನುವುದನ್ನೂ ಮಷಿನ್ನೇ ನುಂಗಿತು.

"ಕಾಲಿಲ್ಲದ, ಸರಪಳಿ ಇಲ್ಲದ, ತೇಲೂ ಜೋಕಾಲಿ ಕೇಳ್ಯಾರ ಅಂತ ಇವರು ಮೂರು ದಿನಾ ನಿದ್ದಿ ಮಾಡ್ಲಿಲ್ರಿ. ಶ್ರೀಮಂತರ ಮಂದಿ, ಏನರ ಕೇಳ್ತಾರ ಅಂತ ನಾನೂ ಸುಮ್ನಿದ್ದೆ," ಎಂದು ಸಾವಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ದಾರಿ ತೋರಿಸಿದವರು ಅವರೇ. ಹಿತ್ತಲಿನ ಸ್ಪೀಕರುಗಳಿಂದ ಬಿಚ್ಚಿದ ಬಳೆಯಾಕಾರದ ಅಯಸ್ಕಾಂತಗಳನ್ನು ಕಸ ಗುಡಿಸುವಾಗ ಕಾಲಿಗೆ ತಾಗಬಾರದೆಂದು ಒಂದು ಬಿದಿರಿನ ಕೋಲಿಗೆ ಪೋಣಿಸಿ ನಿಲ್ಲಿಸುತ್ತಿದ್ದರು. ಒಂದು ದಿನ ಮೇಲಿನದು ಕೆಳಗಿನದರ ಮೇಲೆ ಕೂರದೆ ನಡುವೆಯೇ ನಿಂತುಬಿಟ್ಟಿತು. ಒತ್ತಿದರೆ ಇಳಿಯಿತು, ಬಿಟ್ಟರೆ ಏರಿತು. ಗಂಡನನ್ನು ಕೂಗಿ ಕರೆದರು. "ನಾ ಏನೂ ಕಂಡ ಹಿಡದಿಲ್ರಿ. ಕಸಾ ಹೊಡಿವಾಗ ಅದು ತಾನ ಕಂಡತು," ಎನ್ನುತ್ತಾರೆ ಈಗ.

ಐದು ತಿಂಗಳ ಮೇಲೆ ಬಾಬಾಸಾಹೇಬ ಟೆಂಪೋ ತಗೊಂಡು ಮಂಚ ಒಯ್ಯಲು ಬಂದರು. ಮಂಚವಿಲ್ಲ. ಗಾಳಿಯಲ್ಲಿ ಜೋಕಾಲಿ. ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವರು ಬಾಯಿ ತೆರೆದು ನಿಂತಾಗ, ಜೊತೆಗೆ ಬಂದಿದ್ದ ಅವರ ತಾಯಿ ರುಕ್ಮವ್ವ ಸೀದಾ ಹೋಗಿ ಅದರ ಮೇಲೆ ಕೂತರು. ಕೂತವರು ಏಳಲಿಲ್ಲ. ಪಂಚಮಿಗೆ ತವರಿಗೆ ಬಂದ ಹುಡುಗಿಯ ಹಾಗೆ ಕಾಲು ಆಡಿಸಿದರು. ಮಗ ಮಂಚ ಕೇಳಿದ್ದ, ತಾಯಿ ಜೋಕಾಲಿ ಒಯ್ದರು. ಆಮೇಲೆ ಅವರ ಬೀಗರು, ಬೀಗರ ಬೀಗರು ಎಲ್ಲ ಕೇಳತೊಡಗಿದರು. ಈಗ ನಿಪ್ಪಾಣಿಯ ಅಂಗಡಿಯೊಂದು ಇವನ್ನು ಮಾರುತ್ತದೆ. ಕೊಂಡವರು ಜಪಾನಿನ ಮಾಲು ಅಂದುಕೊಂಡಿದ್ದಾರೆ, ಅಂಗಡಿಯವರೂ ಅಲ್ಲವೆನ್ನಲು ಹೋಗಿಲ್ಲ. ಅದರ ಬಗ್ಗೆ ಕೇಳಿದರೆ ಸಾವಕ್ಕನಿಗೆ ಬೇಸರವೇನೂ ಇಲ್ಲ. ಜಪಾನಿನಲ್ಲಿ ದಡ್ಡಿಯ ಗಂಟು ಯಾರು ಹಾಕುತ್ತಾರೆ ಎಂದು ಅವರದೇ ಒಂದು ಪ್ರಶ್ನೆ ಇದೆ, ಅಷ್ಟೆ.

ಬೇಸರ ಇರುವುದು ಬೇರೆ ಕಡೆ. ಅಣ್ಣಾಸಾಬರದು ಒಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಸಾಮಾನಿನ ಮೇಲೆ ಮಾಡಿದವರು ಕೂರಬಾರದು, ಕೂತರೆ ಅದು ಎಂಜಲು. ಹೆಂಡತಿ ಒಮ್ಮೆ ಕೂತು ನೋಡುತ್ತೇನೆಂದರೂ ಬಿಡುತ್ತಿರಲಿಲ್ಲ. "ನಮ್ಮ ಮನಿಗೆ ಅಂತನ ಒಂದ ಮಾಡೂಣು. ಆಗ ಇಬ್ಬರೂ ಜೋಡೀಲೆ ಕುಂದರೂಣು," ಎಂದು ಸಮಾಧಾನ ಹೇಳುತ್ತಿದ್ದರು. ಅದಕ್ಕಾಗಿ ಕಟ್ಟಿಗೆಯನ್ನೂ ಆರಿಸಿ ಇಟ್ಟಿದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಉಳಿ ಕೈಯಲ್ಲಿ ಹಿಡಿದವರು ಹಾಗೆಯೇ ಕುಸಿದರು. ಮಿರಜದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬಂದರು. ಎದೆಗೆ ಮಷಿನ್ನು ಬಂತು, ಅಯಸ್ಕಾಂತದ ಹತ್ತಿರ ಹೋಗಕೂಡದು ಎಂಬ ಮಾತೂ ಬಂತು.

ಕೆಲಸ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಎರಡು ಭಾಗವಾಯಿತು. ಕಟ್ಟಿಗೆಯದೆಲ್ಲ ಅಣ್ಣಾಸಾಬರದು, ಗೆರೆಯ ಈಚೆ, ಬೇವಿನ ಕೆಳಗೆ, ಬರೀ ಉಳಿ, ಗರಗಸದಂಥ ಕೈ ಹತ್ಯಾರದಲ್ಲಿ. ಅಯಸ್ಕಾಂತದ್ದೆಲ್ಲ ಸಾವಕ್ಕನದು, ಗೆರೆಯ ಆಚೆ. ದಾಟಿ ಒಳಗೆ ಹೋದ ಹಲಗೆ ಮತ್ತೆ ಅಣ್ಣಾಸಾಬರ ಕೈಗೆ ಬರುವುದಿಲ್ಲ. ಗಂಡ ಗಿಡದ ಕೆಳಗಿನಿಂದಲೇ ಕೂಗಿ ಹೇಳುತ್ತಾರೆ, ಹೆಂಡತಿ ಶೆಡ್ಡಿನಿಂದಲೇ ಕೂಗಿ ಕೇಳುತ್ತಾರೆ. ಓಣಿಯವರಿಗೆಲ್ಲ ಜೋಕಾಲಿ ಮಾಡುವ ವಿದ್ಯೆ ಅರ್ಧ ಬಾಯಿಪಾಠವಾಗಿದೆ.

ಸುಟ್ಟ ಸ್ಪೀಕರು ಸಿಕ್ಕ ದಿನ ಸಾವಕ್ಕ ಹನ್ನೆರಡು ಹದಿಮೂರು ಬಿಚ್ಚುತ್ತಾರೆ. ಒಂದು ಜೋಕಾಲಿಗೆ ಮೇಲೆ ನಲವತ್ತೆಂಟು, ಕೆಳಗೆ ನಲವತ್ತೆಂಟು ಅಯಸ್ಕಾಂತ. ಒಂದರ ಮುಖ ತಪ್ಪಿದರೂ ಆ ಮೂಲೆ ಮುಗ್ಗರಿಸುತ್ತದೆ. ಮುಖ ಗುರುತಿಸಲು ಅವರಿಗೆ ಯಾವ ಉಪಕರಣವೂ ಬೇಡ. ಬೀಡಿ ಸುತ್ತಿ ಸುತ್ತಿ ಚುರುಕಾದ ಬೆರಳಿಗೆ, ಎರಡನ್ನು ಹತ್ತಿರ ತಂದಾಗಲೇ ಸವತಿಯೋ ಬೀಗತಿಯೋ ತಿಳಿಯುತ್ತದೆ. ಹಾಗಂತ ಬೆರಳು ಸುಮ್ಮನೆ ಉಳಿದಿಲ್ಲ. ಎಡಗೈ ಕಿರುಬೆರಳಿಗೆ ಉಗುರಿಲ್ಲ. ಎರಡು ಬೀಗರ ನಡುವೆ ಸಿಕ್ಕು ಹೋಯಿತು.

ಸಂಜೆ ಕೆಲಸ ಬಿಟ್ಟ ಮೇಲೆ ಇನ್ನೊಂದು ಕೆಲಸ. ಹಿತ್ತಲಲ್ಲಿ ಮೈ ತೊಳೆದು, ಸೀರೆ ಬದಲಿಸಿ, ಬಿಚ್ಚಿದ ಸೀರೆಯನ್ನು ಕಬ್ಬಿಣದ ಬುಟ್ಟಿಯ ಮೇಲೆ ಝಾಡಿಸಿ ನೋಡುತ್ತಾರೆ. ಅಯಸ್ಕಾಂತದ ಚೂರು ನೆರಿಗೆಯಲ್ಲಿ ಅಡಗಿದ್ದರೆ ಬುಟ್ಟಿಗೆ ಟಕ್ಕನೆ ಅಂಟುತ್ತದೆ. ತುರುಬನ್ನೂ ಬಿಚ್ಚಿ ಬಾಚುತ್ತಾರೆ. ಆಮೇಲೆಯೇ ಗಂಡನ ತಾಟಿಗೆ ರೊಟ್ಟಿ. ನಾಲ್ಕು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ಇಂಥ ಪ್ರೀತಿಗೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ.

ಮಿರಜಕ್ಕೆ ಆರು ತಿಂಗಳಿಗೊಮ್ಮೆ ತಪಾಸಣೆ. ಎಂಟು ಸಲ ಹೋಗಿದ್ದಾರೆ, ಎಂಟು ಸಲವೂ ಸಾವಕ್ಕ ಡಾಕ್ಟರಿಗೆ ಅದೇ ಮಾತು ಕೇಳಿದ್ದಾರೆ. "ಐದ ಮಿನಿಟ ಸಾಹೇಬ್ರ. ನಮ್ಮ ಮನಿಯವರು ಅದರ ಮ್ಯಾಲೆ ಐದ ಮಿನಿಟ ಕುಂತ್ರ ಏನಾಕೈತ್ರಿ?" ಡಾಕ್ಟರು ಎಂಟು ಸಲವೂ ಇಲ್ಲ ಎಂದಿದ್ದಾರೆ. ಎಂಟನೆಯ ಸಲ, ಕಳೆದ ತಿಂಗಳು, ಮುಂದೆ ಎಂದೂ ಕೇಳಬೇಡಿ, ಉತ್ತರ ಬದಲಾಗುವುದಿಲ್ಲ ಎಂದು ಮೆತ್ತಗೆ ಹೇಳಿದರು. ಬರುವಾಗ ಬಸ್ಸು ಅಂಕಲಿ ದಾಟಿದ ಮೇಲೆ ಅಣ್ಣಾಸಾಬ, "ನೀನರ ಒಮ್ಮೆ ಕುಂದರ ಬೇ. ನಾ ದೂರ ನಿಂತ ನೋಡ್ತೇನಿ," ಎಂದರು. ಸಾವಕ್ಕ ಒಪ್ಪಲಿಲ್ಲ. "ಜೋಡೀಲೆ ಅಂದೀರಿ. ಒಬ್ಬಾಕಿ ಕುಂತ್ರ ಅದು ಜೋಕಾಲಿ ಹೆಂಗಾದೀತ್ರಿ?"

ಈ ಹೊತ್ತು ಶೆಡ್ಡಿನಲ್ಲಿರುವುದು ನಲವತ್ತೊಂದನೆಯದು. ಅಥಣಿಗೆ ಹೋಗಬೇಕು. ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ, ಅಷ್ಟರೊಳಗೆ ಬೇಕೆಂದು ಗಿರಾಕಿಯ ಅವಸರ. ಅಣ್ಣಾಸಾಬರ ತಮ್ಮ ನಾಮದೇವ ಟೆಂಪೋ ತಂದು ನಿಲ್ಲಿಸಿದ್ದಾರೆ. ಆದರೆ ತೂಕ ಹೊರಿಸಿ ನೋಡದೆ ಸಾವಕ್ಕ ಸಾಮಾನು ಕಳಿಸುವುದಿಲ್ಲ. ಹಿಂದೆ ಸಿಮೆಂಟಿನ ಚೀಲ ಇಡುತ್ತಿದ್ದರು. ಈಗ ಮೂಲೆಯಿಂದ ನಾಮದೇವ ಒಂದೊಂದಾಗಿ ಹೊತ್ತು ತರುವುದು ಎರಡು ಜೋಳದ ಚೀಲ. ಒಂದರ ಬಾಯಿಗೆ ಕೆಂಪು ದಾರ, ಒಂದರ ಬಾಯಿಗೆ ಹಸಿರು. ಕೆಂಪಿನದು ಅರವತ್ತೊಂದು ಕಿಲೋ, ಹಸಿರಿನದು ಐವತ್ತನಾಲ್ಕು.

ಇದೆಂಥ ಲೆಕ್ಕ, ಐವತ್ತು ಐವತ್ತು ಇಟ್ಟರೆ ಸಾಲದೇ ಎಂದರೆ ಸಾವಕ್ಕ ಬಗ್ಗಿ ಚೀಲದ ದಾರ ಬಿಗಿಯುತ್ತಾರೆ. ನಾಮದೇವ ಅತ್ತಿಗೆಯ ಕಡೆ ನೋಡಿ ನಗುತ್ತ ಹೇಳುತ್ತಾರೆ: "ಮಿರಜದಾಗ ತೂಕದ ಕಾಟಾದ ಮ್ಯಾಲೆ ಅಣ್ಣಂದು ಎಷ್ಟ ಬಂತೋ ಅಷ್ಟರಿ. ಹಸರ ದಾರದ್ದು ವೈನೀದು."

ತಪಾಸಣೆ ಮುಗಿಸಿ ಬಂದ ದಿನವೇ ಚೀಲ ಬಿಚ್ಚಿ ಜೋಳ ಹಾಕುವುದೋ ತೆಗೆಯುವುದೋ ಆಗುತ್ತದೆ. ಒಮ್ಮೆ ಅಣ್ಣಾಸಾಬ ನಾಲ್ಕು ಕಿಲೋ ಇಳಿದಿದ್ದರು. ಅಂದು ಸಾವಕ್ಕ ಚೀಲದಿಂದ ಜೋಳವನ್ನು ಅಳೆದು ಅಳೆದು ತೆಗೆದಿದ್ದರು. ಮುಂದಿನ ಸಲ ಮೂರು ಕಿಲೋ ಏರಿತು. ಆ ಜೋಳವನ್ನು ಅವರು ಅಳೆದು ಹಾಕಲಿಲ್ಲ, ಬೊಗಸೆ ಬೊಗಸೆ ಸುರಿದರು.

ಚೀಲಗಳು ಮಖಮಲ್ಲಿನ ಮೇಲೆ ಅಕ್ಕಪಕ್ಕ ಕೂರುತ್ತವೆ. ಜೋಕಾಲಿ ಒಮ್ಮೆ ತಗ್ಗಿ, ಓಲಾಡಿ, ನಿಲ್ಲುತ್ತದೆ. ಸಾವಕ್ಕ ಬಗ್ಗಿ ಕೆಳಗೆ ಎರಡು ಬೆರಳು ತೂರಿಸಿ ಅಳೆಯುತ್ತಾರೆ.

"ಎಷ್ಟ ಉಳೀತ?" ಬೇವಿನ ಕೆಳಗಿನಿಂದ ಅಣ್ಣಾಸಾಬರ ಕೂಗು.

"ಎರಡ ಬಟ್ಟ ಉಳದೈತ್ರಿ."

"ನನ್ನ ಚೀಲಾ ಸ್ವಲ್ಪ ಹಿಂದಕ ಸರಸ ಬೇ. ಬೆನ್ನ ಆನಸಿ ಕುಂದರ್ಲಿ."

ಸಾವಕ್ಕ ಕೆಂಪು ದಾರದ ಚೀಲವನ್ನು ಎರಡೂ ಕೈಯಿಂದ ತಬ್ಬಿ ನವಿಲಿಗೆ ಒರಗಿಸುತ್ತಾರೆ. ಹಸಿರಿನದನ್ನು ಅದರ ಹತ್ತಿರಕ್ಕೆ ಸರಿಸುತ್ತಾರೆ. ಆಮೇಲೆ ಅಂಗೈಯಿಂದ ಒಂದು ಸಣ್ಣ ತಳ್ಳು. ಎರಡೂ ಚೀಲಗಳು ಜೊತೆಯಾಗಿ ಮೆಲ್ಲಗೆ ತೂಗುತ್ತವೆ. ಗಿಡದ ಕೆಳಗೆ ಅಣ್ಣಾಸಾಬ ಬಸಿ ಕೆಳಗಿಟ್ಟು, ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ.

"ಗಿರಾಕಿ ಸಾಮಾನ ಎಂಜಲ ಆಗಬಾರದು ಅಂತಿದ್ರು. ಜೋಳಕ್ಕೆಲ್ಲಿ ಎಂಜಲ್ರಿ?" ಸಾವಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಅಥಣಿಗೆ ಹೋಗ್ಲಿ, ಕೊಲ್ಹಾಪುರಕ್ಕ ಹೋಗ್ಲಿ, ಎಂಥಾ ದೊಡ್ಡ ಸಾವಕಾರನ ಮನಿಗೆರ ಹೋಗ್ಲಿ. ಅದರ ಮ್ಯಾಲೆ ಮದಲ ಜೋಡೀಲೆ ಕುಂತಾವರು ನಾವ ಇಬ್ಬರರಿ."