ತೊಡೆಗೆ ಹಚ್ಚಿದ ಸುಣ್ಣ

ಮೊಮ್ಮಗಳಿಗೆ ಒಂದೂವರೆ ತಿಂಗಳ ಚುಚ್ಚುಮದ್ದನ್ನು ಊರಿನ ಅಂಗನವಾಡಿಯಲ್ಲಿ ಹಾಕಿಸಿದೆವು. ಸಂಜೆಗೆ ಮೈ ಬಿಸಿಯಾಯಿತು, ತೊಡೆ ಊದಿತು. ಹೀಗಾಗುತ್ತದೆಂದು ನರ್ಸು ಮೊದಲೇ ಹೇಳಿ, ಜ್ವರದ ಹನಿ ಕೊಟ್ಟು, ಜಾಗಕ್ಕೆ ಏನೂ ಹಚ್ಚಬೇಡಿ ಎಂದಿದ್ದರು. ನಾನು ಕೇಳಲಿಲ್ಲ. ನಮ್ಮಲ್ಲಿ ಎತ್ತಿನ ಕಾಲು ಊದಿದರೂ ಮನುಷ್ಯರ ಕಾಲು ಊದಿದರೂ ಅರಿಶಿನ ಸುಣ್ಣವೇ. ನನ್ನ ಎಲೆಅಡಿಕೆ ಚೀಲದ ಸುಣ್ಣಕ್ಕೆ ಅರಿಶಿನ ಕಲಸಿ ಹಚ್ಚಿ ಬಟ್ಟೆ ಕಟ್ಟಿದೆ. ಸೊಸೆ ನೋಡಿದಳು. ನನಗೆ ಎದುರಾಡುವ ಅಭ್ಯಾಸ ಆಗ ಅವಳಿಗಿರಲಿಲ್ಲ.

ಮೂರನೇ ದಿನಕ್ಕೆ ಚರ್ಮ ಸುಲಿದು ಹುಣ್ಣಾಯಿತು. ಸೂಜಿಯಿಂದ ಮಗುವಿನ ಕಾಲು ಕೊಳೆಯಿತು ಎಂದು ಬೀದಿಗೆಲ್ಲ ಹೇಳಿದೆ. ಮುಂದಿನ ಗುರುವಾರ, ಸೂಜಿ ಹಾಕುವ ದಿನ, ನಮ್ಮ ಬೀದಿಯಿಂದ ಒಂದು ಕೂಸೂ ಅಂಗನವಾಡಿಗೆ ಹೋಗಲಿಲ್ಲ.

ನರ್ಸೇ ಮನೆಗೆ ಬಂದು ಹುಣ್ಣು ನೋಡಿದರು.

“ಅಜ್ಜಿ, ಏನು ಹಚ್ಚೀರಿ?”

“ಏನಿಲ್ಲ.”

“ಸೂಜಿ ಚುಚ್ಚಿದ್ದು ಸಾಸಿವೆಯಷ್ಟು ಜಾಗ. ಹುಣ್ಣು ನೋಡಿದ್ರೆ ಇಷ್ಟಗಲ ಐತೆ. ನಾನು ಬೈಯಾಕೆ ಬಂದಿಲ್ಲ ರೀ.”

ಸೊಸೆ ಬಾಯಿಬಿಟ್ಟಳು. “ಅತ್ತೆ, ನೀವು ಹೇಳ್ತೀರೋ, ನಾನೇ ಹೇಳ್ಲೋ?”

ನಾನೇ ಹೇಳಿದೆ. ಹೇಳಿದ ಮೇಲೆ ಕೇಳಿಯೂ ಬಿಟ್ಟೆ. “ಒಳ್ಳೆ ಮದ್ದಾದ್ರೆ ಜ್ವರ ಯಾಕೆ ಬರಬೇಕು?”

“ರೋಗದ ಗುರುತು ಹಿಡಿಯಾಕೆ ಮೈ ಕಲಿಯೋವಾಗ ಬಿಸಿ ಆಗತೈತೆ ಅಜ್ಜಿ. ಅಪಾಯ ಇಲ್ಲವೇ ಇಲ್ಲ ಅನ್ನಲ್ಲ. ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಒಗ್ಗಲ್ಲ, ಉಸಿರು ಕಟ್ಟತೈತೆ. ಅದಕ್ಕೇ ಅರ್ಧ ಗಂಟೆ ಕೂರಿಸ್ಕೊಳ್ಳೋದು. ಹಂಗಾದ್ರೆ ಕೊಡೋ ಮದ್ದು ಕೈಯಾಗೇ ಇರತೈತೆ.”

ಏನೂ ಆಗುವುದಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಅವರು ಹೇಳಿದಂತೆ ನ್ಯಾಮತಿ ಆಸ್ಪತ್ರೆಗೆ ಕರೆದೊಯ್ದೆವು. ಹುಣ್ಣು ಮಾಯಿತು. ಆಮೇಲೆ ಮನೆಮನೆಗೂ ಹೋಗಿ, ಸುಟ್ಟಿದ್ದು ನನ್ನ ಸುಣ್ಣ ಎಂದು ಹೇಳಿ ಬಂದೆ. ಎದುರುಮನೆಯವಳು ಬಿಡಲಿಲ್ಲ.

“ನಿನ್ನ ಮಾತು ಕಟ್ಕೊಂಡು ನನ್ನ ಕೂಸಿಗೆ ಸೂಜಿ ತಪ್ಪಿಸಿದೆನಲ್ಲೇ ಯವ್ವ.”

“ಇನ್ನೂ ಕಾಲ ಮಿಂಚಿಲ್ಲ. ಬರೋ ಗುರುವಾರ ಕೂಸಿನ್ನ ಎತ್ಕೊಂಡು ನಡಿ.”

ಎರಡನೇ ಚುಚ್ಚುಮದ್ದಿನ ದಿನ ಆ ಅರ್ಧ ಗಂಟೆ ಮೊಮ್ಮಗಳನ್ನು ನಾನೇ ಮಡಿಲಲ್ಲಿ ಹಾಕಿಕೊಂಡು ಕೂತೆ. ಹೆದರಿಕೆ ಇತ್ತು. ಅವಳ ಉಸಿರನ್ನೇ ನೋಡುತ್ತಿದ್ದೆ. ನರ್ಸು ಎರಡು ಸಲ ಬಂದು ಮಗುವನ್ನು ಮುಟ್ಟಿ ನೋಡಿ ಹೋದರು. ಅಷ್ಟು ಹೆಂಗಸರ ನಡುವೆ ನನ್ನ ಸುಳ್ಳಿನ ಮಾತು ಒಮ್ಮೆಯೂ ಎತ್ತಲಿಲ್ಲ. ಆ ನರ್ಸಿನ ಋಣ ನನ್ನ ಮೇಲಿದೆ. ಎದುರಿಗೆ ಹೇಳಿಲ್ಲ, ಹೇಳಬೇಕಿತ್ತು.